ಪ್ರೋಟಾನ್‌ಗಳು ಒಂದನ್ನೊಂದು ತಳ್ಳಿದರೂ ನ್ಯೂಕ್ಲಿಯಸ್ ಸಿಡಿಯುವುದಿಲ್ಲ ಏಕೆ? ‘ವಿಜ್ಞಾನಿಗಳಿಗೂ ಗೊತ್ತಿಲ್ಲ’ ಅನ್ನುವುದು ನಿಜವೇ?

ಒಂದೇ ಜಾತಿಯ ವಿದ್ಯುದಾವೇಶಗಳು ಒಂದನ್ನೊಂದು ದೂರ ತಳ್ಳುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಪರಮಾಣುವಿನ ನಡುವಿನ ನ್ಯೂಕ್ಲಿಯಸ್‌ನಲ್ಲಿ ಅಷ್ಟೊಂದು ಪ್ರೋಟಾನ್‌ಗಳು ಒತ್ತಾಗಿ ಹೇಗೆ ಕೂತಿವೆ? ವಿಜ್ಞಾನಿಗಳ ಬಳಿ ಉತ್ತರವಿಲ್ಲ, ಕಾಣದ ಶಕ್ತಿಯೊಂದು ಹಿಡಿದಿಟ್ಟಿದೆ, ಹತ್ತು ಜನರಿಗೆ ಕಳಿಸಿ. ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು.

ಪ್ರಶ್ನೆ ಒಳ್ಳೆಯದೇ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಭೌತವಿಜ್ಞಾನಿಗಳ ನಿದ್ದೆಗೆಡಿಸಿದ್ದೂ ಇದೇ ಪ್ರಶ್ನೆ. ಆದರೆ ‘ಉತ್ತರವಿಲ್ಲ’ ಎನ್ನುವ ಭಾಗ ಸುಳ್ಳು. ಉತ್ತರ ಇದೆ. ಅದು ಗುರುತ್ವಾಕರ್ಷಣೆಯ ಸೂತ್ರದಂತೆ ಒಂದೇ ಸಾಲಿನಲ್ಲಿ ಮುಗಿಯುವಂಥದ್ದಲ್ಲ, ಅಷ್ಟೇ. ಒಂದು ಸಾಲಿನ ಸೂತ್ರ ಇಲ್ಲ ಎನ್ನುವುದಕ್ಕೂ ಏನೂ ಗೊತ್ತಿಲ್ಲ ಎನ್ನುವುದಕ್ಕೂ ಬಹಳ ಅಂತರವಿದೆ.

ತಳ್ಳಾಟ ಎಷ್ಟು, ಹಿಡಿತ ಎಷ್ಟು?

ಮೊದಲು ಗಾತ್ರದ ಅಂದಾಜು ಬೇಕು. ನ್ಯೂಕ್ಲಿಯಸ್‌ನೊಳಗಿನ ದೂರಗಳನ್ನು ಅಳೆಯುವುದು ಫೆಮ್ಟೊಮೀಟರ್‌ಗಳಲ್ಲಿ. ಒಂದು ಮಿಲಿಮೀಟರನ್ನು ಒಂದು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲಿ ಒಂದು ಚೂರು ಒಂದು ಫೆಮ್ಟೊಮೀಟರ್. ಎರಡು ಪ್ರೋಟಾನ್‌ಗಳು ಎರಡು ಫೆಮ್ಟೊಮೀಟರ್ ದೂರದಲ್ಲಿದ್ದರೆ ಅವುಗಳ ನಡುವಿನ ವಿದ್ಯುತ್ ತಳ್ಳಾಟ ಸುಮಾರು 58 ನ್ಯೂಟನ್. ಆರು ಕೆ.ಜಿ. ಅಕ್ಕಿಯ ಚೀಲ ಎತ್ತಿದಾಗ ಕೈಗೆ ತಗಲುವಷ್ಟು ಭಾರ ಅದು. ಯಾವ ಸೂಕ್ಷ್ಮದರ್ಶಕಕ್ಕೂ ಕಾಣದ ಒಂದು ಕಣದ ಮೇಲೆ ಅಷ್ಟು ಭಾರ!

ಇದನ್ನು ಮೀರಿಸುವ ಹಿಡಿತವೇ ನ್ಯೂಕ್ಲಿಯರ್ ಬಲ. ಇದರ ಸ್ವಭಾವ ವಿಚಿತ್ರ. ಒಂದೆರಡು ಫೆಮ್ಟೊಮೀಟರ್ ಹತ್ತಿರ ಬಂದ ಕಣಗಳನ್ನು ಬಿಗಿಯಾಗಿ ಎಳೆಯುತ್ತದೆ. ಇನ್ನು ಸ್ವಲ್ಪ ದೂರ ಹೋದರೆ ಬಹುತೇಕ ಇಲ್ಲವೇ ಇಲ್ಲ. ಹಾಗಾಗಿಯೇ ದಿನನಿತ್ಯದ ಬದುಕಿನಲ್ಲಿ ಇದು ನಮ್ಮ ಅನುಭವಕ್ಕೆ ಬರುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಸುಮಾರು ಅರ್ಧ ಫೆಮ್ಟೊಮೀಟರ್‌ಗಿಂತ ಹತ್ತಿರ ಬಂದರೆ ಎಳೆಯುವುದನ್ನು ಬಿಟ್ಟು ತಳ್ಳಲು ಶುರುಮಾಡುತ್ತದೆ.

ಅಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ವಿದ್ಯುತ್ ತಳ್ಳಾಟ ಒಂದೇ ಅಡ್ಡಿಯಾಗಿದ್ದರೆ, ಆವೇಶವೇ ಇಲ್ಲದ ಎರಡು ನ್ಯೂಟ್ರಾನ್‌ಗಳು ಸಲೀಸಾಗಿ ಅಂಟಿಕೊಳ್ಳಬೇಕಿತ್ತಲ್ಲವೇ? ಅವು ಅಂಟಿಕೊಳ್ಳುವುದಿಲ್ಲ. ಎರಡು ಪ್ರೋಟಾನ್‌ಗಳೂ ಇಲ್ಲ. ಜೋಡಿಯಾಗಿ ನಿಲ್ಲುವುದು ಒಂದು ಪ್ರೋಟಾನ್ ಮತ್ತು ಒಂದು ನ್ಯೂಟ್ರಾನ್ ಮಾತ್ರ, ಅದೂ ಎರಡರ ಸ್ಪಿನ್ ಒಂದೇ ದಿಕ್ಕಿಗಿದ್ದಾಗ. (ಸ್ಪಿನ್ ಎಂದರೆ ಬುಗುರಿಯ ಅಕ್ಷದಂತೆ ಕಣಕ್ಕೂ ಒಂದು ದಿಕ್ಕು ಇದೆ ಎಂದುಕೊಳ್ಳಿ, ಪೂರ್ತಿ ಸರಿಯಲ್ಲ, ಇಲ್ಲಿಗೆ ಸಾಕು.) ಆ ಜೋಡಿಯ ಹೆಸರು ಡ್ಯೂಟೆರಾನ್. 1939ರಲ್ಲಿ ಅಮೆರಿಕದ ಇಸಿಡೋರ್ ರಾಬಿಯವರ ತಂಡ ಅಳೆದು ನೋಡಿದಾಗ ಅದು ಚೆಂಡಿನಂತೆ ದುಂಡಗಿರದೆ ಸ್ವಲ್ಪ ಉದ್ದುದ್ದಕ್ಕೆ ಇತ್ತು. ಎರಡು ಅಯಸ್ಕಾಂತದ ಪಟ್ಟಿಗಳನ್ನು ತುದಿಗೆ ತುದಿ ಇಟ್ಟರೆ ಒಂದು ಥರ, ಪಕ್ಕಪಕ್ಕ ಇಟ್ಟರೆ ಇನ್ನೊಂದು ಥರ ವರ್ತಿಸುತ್ತವಲ್ಲ, ನ್ಯೂಕ್ಲಿಯರ್ ಬಲವೂ ಹಾಗೆ. ದೂರ ಎಷ್ಟು ಎಂದು ತಿಳಿದರೆ ಸಾಲದು. ಯಾವ ದಿಕ್ಕು, ಯಾವ ಸ್ಪಿನ್, ಎಷ್ಟು ವೇಗ ಎಲ್ಲವೂ ಬೇಕು.

ಯುಕಾವಾ ಊಹಿಸಿದ ಕಣ

1935ರಲ್ಲಿ ಜಪಾನಿನ ಹಿದೆಕಿ ಯುಕಾವಾ ಒಂದು ದಿಟ್ಟ ಊಹೆ ಮುಂದಿಟ್ಟರು. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ತಮ್ಮತಮ್ಮೊಳಗೆ ಒಂದು ಕಣವನ್ನು ಕೊಟ್ಟು ತೆಗೆದುಕೊಳ್ಳುತ್ತಿರುತ್ತವೆ, ಈ ವಿನಿಮಯವೇ ಬಲವಾಗಿ ಕಾಣುತ್ತದೆ ಎಂದರು. ಬಲದ ವ್ಯಾಪ್ತಿ ಇಷ್ಟು ಚಿಕ್ಕದಿರಬೇಕಾದರೆ ಆ ಕಣ ಎಲೆಕ್ಟ್ರಾನ್‌ಗಿಂತ ಸುಮಾರು 200 ಪಟ್ಟು ಭಾರ ಇರಬೇಕು ಎಂದೂ ಲೆಕ್ಕ ಹಾಕಿದರು.

ಸ್ವಲ್ಪ ದಿನದಲ್ಲೇ ಕಾಸ್ಮಿಕ್ ಕಿರಣಗಳಲ್ಲಿ ಹೆಚ್ಚುಕಮ್ಮಿ ಅದೇ ತೂಕದ ಕಣ ಸಿಕ್ಕಿತು. ಎಲ್ಲರೂ ಇದೇ ಅಂದುಕೊಂಡರು. ಆದರೆ ಆ ಕಣ ನ್ಯೂಕ್ಲಿಯಸ್‌ಗಳ ನಡುವೆ ತನಗೇನೂ ಸಂಬಂಧವಿಲ್ಲವೆಂಬಂತೆ ಹಾದುಹೋಗುತ್ತಿತ್ತು. ಅದು ಮ್ಯೂಯಾನ್, ಬೇರೆಯೇ ಕಣ. ಯುಕಾವಾ ಹೇಳಿದ್ದ ಪಯಾನ್ ಸಿಕ್ಕಿದ್ದು 1947ರಲ್ಲಿ, ಬ್ರಿಸ್ಟಲ್‌ನ ಸೆಸಿಲ್ ಪೊವೆಲ್ ಅವರ ತಂಡಕ್ಕೆ. ಯುಕಾವಾ ಅವರಿಗೆ 1949ರಲ್ಲಿ, ಪೊವೆಲ್ ಅವರಿಗೆ 1950ರಲ್ಲಿ ನೊಬೆಲ್ ಬಂತು. ಅಂದಹಾಗೆ, ಈ ಜಾತಿಯ ಕಣಗಳಿಗೆ ‘ಮೆಸಾನ್’ ಎಂಬ ಹೆಸರೇ ಸರಿ ಎಂದು 1939ರಲ್ಲಿ ವಾದಿಸಿದವರು ಹೋಮಿ ಭಾಭಾ. ಮಹಾಯುದ್ಧ ಶುರುವಾದಾಗ ರಜೆಗೆಂದು ಭಾರತದಲ್ಲಿದ್ದ ಅವರು ಮರಳಿ ಇಂಗ್ಲೆಂಡಿಗೆ ಹೋಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು.

‘ಥಿಯರಿ ಎಂದರೆ ಬರೀ ಊಹೆ’ ಎಂದು ಅಣಕಿಸುವವರಿಗೆ ಈ ಪ್ರಸಂಗವನ್ನು ಹೇಳಬೇಕು. ಊಹೆ ಹೌದು. ಆದರೆ ತೂಕ ಇಷ್ಟಿರಬೇಕು ಎಂದು ಮೊದಲೇ ಅಂಕಿ ಹೇಳಿ, ತಪ್ಪಾದರೆ ಸಿಕ್ಕಿಬೀಳಲು ಸಿದ್ಧವಿರುವ ಊಹೆ. ತೂಕ ಸರಿಹೊಂದಿದರೂ ವರ್ತನೆ ಸರಿಹೊಂದದ ಕಣವನ್ನು ಪಕ್ಕಕ್ಕಿಟ್ಟ ಊಹೆ.

ಪಯಾನ್ ಕಥೆ ಬಲದ ಹೊರಅಂಚನ್ನು ಮಾತ್ರ ವಿವರಿಸುತ್ತದೆ. ಒಳಗೆ ಹೋದಂತೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳೂ ಕ್ವಾರ್ಕ್‌ಗಳಿಂದಾದವು ಎಂಬ ಸಂಗತಿ ಅಡ್ಡಬರುತ್ತದೆ. ಕ್ವಾರ್ಕ್‌ಗಳ ನಿಯಮ ನಮಗೆ ಗೊತ್ತು. ಆದರೆ ಆ ನಿಯಮದಿಂದಲೇ ಹೊರಟು ಇಂಗಾಲದ ನ್ಯೂಕ್ಲಿಯಸ್ ತನಕ ನೇರ ಲೆಕ್ಕ ಹಾಕುವುದು ಇಂದಿನ ಕಂಪ್ಯೂಟರ್‌ಗಳಿಗೂ ಆಗದ ಕೆಲಸ. ಹಾಗಾಗಿ ಸಿದ್ಧಾಂತಿಗಳು ಬೇರೆ ದಾರಿ ಹಿಡಿದರು: ಬಲವನ್ನು ಅಳತೆಗಳಿಂದ ಪಡೆಯುವುದು.

ಕತ್ತಲೆ ಕೋಣೆಗೆ ಚೆಂಡು ಎಸೆದಂತೆ

ಕತ್ತಲೆ ಕೋಣೆಯಲ್ಲಿ ಏನಿದೆ ಎಂದು ತಿಳಿಯಲು ಬಾಗಿಲಲ್ಲಿ ನಿಂತು ಚೆಂಡು ಎಸೆಯುತ್ತಾ ಹೋದಿರಿ ಎನ್ನಿ. ಯಾವ ಚೆಂಡು ಯಾವ ಕಡೆ ಪುಟಿಯಿತು ಎಂದು ಬರೆದಿಟ್ಟರೆ ಒಳಗಿನ ಮಂಚ, ಬೀರು ಎಲ್ಲದರ ಆಕಾರ ನಿಧಾನಕ್ಕೆ ಹೊಳೆಯುತ್ತದೆ. ಪ್ರೋಟಾನ್ ಮೇಲೆ ಪ್ರೋಟಾನ್, ಪ್ರೋಟಾನ್ ಮೇಲೆ ನ್ಯೂಟ್ರಾನ್ ಎಸೆದು ದಶಕಗಳ ಕಾಲ ಮಾಡಿದ ಅಳತೆಗಳು ಇಂಥವೇ.

1995ರಲ್ಲಿ ರಾಬರ್ಟ್ ವಿರಿಂಗಾ ಮತ್ತು ಸಂಗಡಿಗರು ಇಂಥ 4,301 ಅಳತೆಗಳಿಗೆ ಹೊಂದುವ ಒಂದು ಬಲದ ಮಾದರಿ ಪ್ರಕಟಿಸಿದರು. ಹೆಸರು ಆರ್ಗಾನ್ ವಿ18. ಅನಿಲದ ಆರ್ಗಾನ್‌ಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಹೆಸರದು. 18 ಎಂದರೆ ಸೂತ್ರದಲ್ಲಿರುವ ಭಾಗಗಳ ಸಂಖ್ಯೆ: ಬರೀ ದೂರ ನೋಡುವ ಭಾಗ, ಸ್ಪಿನ್ ನೋಡುವ ಭಾಗ, ದಿಕ್ಕು ನೋಡುವ ಭಾಗ, ಹೀಗೆ. ಇದರಲ್ಲಿ ಹೊಂದಿಸಿಕೊಳ್ಳಬಹುದಾದ 40 ಅಂಕಿಗಳಿವೆ.

ನಲವತ್ತು ಅಂಕಿ ತಿರುಗಿಸಿದರೆ ಯಾವ ಉತ್ತರ ಬೇಕಾದರೂ ಬರುತ್ತದಲ್ಲ, ಇದು ಮೋಸವಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಉತ್ತರ ಇದು: ಆ ಅಂಕಿಗಳನ್ನು ಎರಡು ಕಣಗಳ ಅಳತೆಗಳಿಂದಲೇ ಕೂರಿಸಿ ಬೀಗ ಹಾಕಲಾಗಿದೆ. ಆಮೇಲೆ ಮೂರು, ನಾಲ್ಕು, ಎಂಟು ಕಣಗಳಿರುವ ನ್ಯೂಕ್ಲಿಯಸ್ ಲೆಕ್ಕ ಹಾಕುವಾಗ ಅವನ್ನು ಮುಟ್ಟುವಂತಿಲ್ಲ. ನಿಜವಾದ ಪರೀಕ್ಷೆ ಅಲ್ಲೇ ಶುರು.

ಮೊದಲ ಪರೀಕ್ಷೆಯಲ್ಲೇ ಫೇಲು

ಒಂದು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದರೆ ಟ್ರಿಟಿಯಂನ ನ್ಯೂಕ್ಲಿಯಸ್. ಅದನ್ನು ಪೂರ್ತಿ ಬಿಡಿಸಲು ಬೇಕಾದ ಶಕ್ತಿಗೆ ಬಂಧನ ಶಕ್ತಿ ಎನ್ನುತ್ತಾರೆ. ಅಳತೆಯ ಪ್ರಕಾರ ಅದು 8.48 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. (ಕಟ್ಟಿಗೆ ಉರಿಯುವಾಗ ಒಂದೊಂದು ಪರಮಾಣುವಿನ ಪಾಲಿಗೆ ಬರುವುದು ಕೆಲವೇ ಎಲೆಕ್ಟ್ರಾನ್ ವೋಲ್ಟ್, ಇಲ್ಲಿ ಅದರ ಸುಮಾರು ಹತ್ತು ಲಕ್ಷ ಪಟ್ಟು.) ಮುಂದೆ ಇದನ್ನು ‘ಎಂಇವಿ’ ಎಂದು ಕರೆಯೋಣ.

ಆರ್ಗಾನ್ ವಿ18 ಕೊಟ್ಟ ಉತ್ತರ ಸುಮಾರು 7.6 ಎಂಇವಿ. ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಇರುವ ಹೀಲಿಯಂನದು ಅಳತೆಯಲ್ಲಿ 28.3, ಲೆಕ್ಕದಲ್ಲಿ ಬಂದದ್ದು ಸುಮಾರು 24.2. ಎರಡು ಕಣಗಳ ಸಾವಿರಾರು ಅಳತೆಗಳನ್ನು ಚೆನ್ನಾಗಿ ವಿವರಿಸಿದ ಬಲ ಮೂರನೆಯ ಕಣ ಬಂದ ತಕ್ಷಣ ಎಡವಿತು. ಬೇರೆ ತಂಡಗಳು ಬೇರೆ ರೀತಿಯಲ್ಲಿ ಕಟ್ಟಿದ ಬಲಗಳೂ ಟ್ರಿಟಿಯಂ ವಿಷಯದಲ್ಲಿ ಕಡಿಮೆಯೇ ತೂಗಿದವು. ಅಂದರೆ ಲೆಕ್ಕದಲ್ಲಿ ಎಲ್ಲೋ ಕೈತಪ್ಪಾದದ್ದಲ್ಲ, ಏನೋ ಒಂದು ಬಿಟ್ಟುಹೋಗಿದೆ.

ಬಿಟ್ಟುಹೋದದ್ದು ಮೂರು ಕಣಗಳ ಬಲ. ಇಬ್ಬರು ಗೆಳತಿಯರು ಜಗಲಿಯಲ್ಲಿ ಕೂತು ಮಾತಾಡುತ್ತಿದ್ದಾರೆ, ಮೂರನೆಯವರು ಬಂದು ಕೂತರು ಎನ್ನಿ. ಈಗ ನಡೆಯುವುದು ಮೂರು ಜೋಡಿ ಮಾತುಕತೆಗಳ ಮೊತ್ತವಲ್ಲ. ಮೊದಲಿನ ಇಬ್ಬರ ಮಾತಿನ ಧಾಟಿಯೇ ಬದಲಾಗಿರುತ್ತದೆ. ಕಣಗಳಲ್ಲಿ ಹೀಗಾಗಲು ಸ್ಪಷ್ಟ ಕಾರಣವಿದೆ. ಪ್ರೋಟಾನ್ ಗೋಲಿಯಂತೆ ಗಟ್ಟಿ ವಸ್ತುವಲ್ಲ, ಅದಕ್ಕೆ ಒಳರಚನೆ ಇದೆ. ಪಕ್ಕದ ಕಣದಿಂದ ಪಯಾನ್ ಬಂದು ತಾಕಿದಾಗ ಅದು ಕ್ಷಣಕಾಲ ಬೇರೆಯೇ ಸ್ಥಿತಿಗೆ ಏರುತ್ತದೆ. ಆ ಸ್ಥಿತಿಯಲ್ಲಿರುವಾಗಲೇ ಮೂರನೆಯ ಕಣದೊಡನೆ ಪಯಾನ್ ವಿನಿಮಯವಾದರೆ ಮೂರೂ ಒಟ್ಟಿಗೆ ಸೇರಿದ ಬಲ ಹುಟ್ಟುತ್ತದೆ. ಇದನ್ನು 1957ರಲ್ಲೇ ಜಪಾನಿನ ಫುಜಿತಾ ಮತ್ತು ಮಿಯಾಜಾವಾ ಬರೆದಿಟ್ಟಿದ್ದರು.

ಅದನ್ನು ಹಗುರ ನ್ಯೂಕ್ಲಿಯಸ್‌ಗಳ ಲೆಕ್ಕಕ್ಕೆ ಒಗ್ಗಿಸಿದವರಲ್ಲಿ ಪ್ರಮುಖರು ನಾಗಪುರದಲ್ಲಿ ಹುಟ್ಟಿದ ವಿಜಯ್ ಪಂಢರಿಪಾಂಡೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದವರು ಅವರು. ವಿರಿಂಗಾ ಇವರ ಶಿಷ್ಯರು. ಆ ವಿಶ್ವವಿದ್ಯಾಲಯ ಇರುವ ಊರಿನ ಹೆಸರಲ್ಲೇ ‘ಅರ್ಬಾನಾ’ ಮೂರು ಕಣಗಳ ಬಲ ಪ್ರಸಿದ್ಧವಾಯಿತು. ಅದನ್ನು ಸೇರಿಸಿದಾಗ ಟ್ರಿಟಿಯಂ ಸರಿಹೋಯಿತು. ಹೊಂದಿಸಿದ್ದೇ ಅದಕ್ಕಾಗಿ, ಆದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಬಲ, ಮತ್ತೆ ತಿದ್ದದೆ, ಹೀಲಿಯಂಗೂ 28.3ರ ಆಸುಪಾಸಿನ ಉತ್ತರ ಕೊಟ್ಟಿತು. ಬೆಲೆ ಇರುವುದು ಈ ಎರಡನೆಯ ಉತ್ತರಕ್ಕೆ.

1990ರ ಆಸುಪಾಸಿನಲ್ಲಿ ಸ್ಟೀವನ್ ವೈನ್‌ಬರ್ಗ್ ಇನ್ನೊಂದು ಮಾರ್ಗ ತೋರಿಸಿದರು. ಕ್ವಾರ್ಕ್ ನಿಯಮಗಳ ಸಮ್ಮಿತಿಯನ್ನು ಆಧಾರವಾಗಿಟ್ಟುಕೊಂಡು ಬಲವನ್ನು ಹಂತಹಂತವಾಗಿ ಬರೆಯುವ ಕ್ರಮ ಅದು: ಮೊದಲು ದೊಡ್ಡ ಪಾಲು, ಆಮೇಲೆ ಅದಕ್ಕಿಂತ ಚಿಕ್ಕ ತಿದ್ದುಪಡಿ, ಆಮೇಲೆ ಇನ್ನೂ ಚಿಕ್ಕದು. ಇದರಲ್ಲಿ ಮೂರು ಕಣಗಳ ಬಲವನ್ನು ಹೊರಗಿನಿಂದ ತಂದು ಸೇರಿಸಬೇಕಿಲ್ಲ, ಒಂದು ಹಂತದಲ್ಲಿ ತಾನೇ ಬಂದು ನಿಲ್ಲುತ್ತದೆ. ಉಳಿದ ಹಂತಗಳನ್ನು ಬಿಟ್ಟರೆ ಎಷ್ಟು ತಪ್ಪಾಗಬಹುದು ಎಂಬ ಅಂದಾಜೂ ಸಿಗುತ್ತದೆ. ಇಂದು ಹೆಚ್ಚಿನ ತಂಡಗಳು ಹಿಡಿದಿರುವುದು ಈ ಮಾರ್ಗವನ್ನೇ.

ಹಗುರ ನ್ಯೂಕ್ಲಿಯಸ್‌ಗಳೇ ಏಕೆ?

ಬಲ ಸಿಕ್ಕರೆ ಅರ್ಧ ಕೆಲಸ. ಇನ್ನರ್ಧ ಲೆಕ್ಕ ಹಾಕುವುದು. ಕ್ವಾಂಟಂ ನಿಯಮದ ಪ್ರಕಾರ ಪ್ರತಿ ಕಣದ ಸ್ಪಿನ್ ಎರಡು ರೀತಿ ಇರಬಹುದು, ಯಾವುದು ಪ್ರೋಟಾನ್ ಯಾವುದು ನ್ಯೂಟ್ರಾನ್ ಎಂಬ ಹಂಚಿಕೆಯೂ ಹಲವು ಬಗೆ. ಎಲ್ಲ ಸಾಧ್ಯತೆಗಳನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು. ನಾಲ್ಕು ಕಣಗಳ ಹೀಲಿಯಂಗೆ ಇಂಥ 96 ಸಾಧ್ಯತೆಗಳು. ಎಂಟು ಕಣಗಳ ಬೆರಿಲಿಯಂಗೆ 17,920. ಹನ್ನೆರಡು ಕಣಗಳ ಇಂಗಾಲಕ್ಕೆ 37,84,704. ಇದು ಕಣಗಳೆಲ್ಲ ಒಂದೊಂದು ಜಾಗದಲ್ಲಿ ಸುಮ್ಮನೆ ನಿಂತಿವೆ ಎಂದುಕೊಂಡಾಗ. ಅವು ನಿಲ್ಲುವ ಜಾಗ ಬದಲಾದಂತೆಲ್ಲ ಪಟ್ಟಿಯನ್ನು ಹೊಸದಾಗಿ ತುಂಬಬೇಕು. ಸೀಸದ ನ್ಯೂಕ್ಲಿಯಸ್‌ನಲ್ಲಿ 208 ಕಣಗಳಿವೆ, ಅದಕ್ಕೆ ಈ ರೀತಿ ಪಟ್ಟಿ ಮಾಡುವ ಯೋಚನೆಯನ್ನೇ ಬಿಡಬೇಕು. ಬಲದ ಮಾದರಿ ಸರಿಯೇ ತಪ್ಪೇ ಎಂದು ಯಾವ ಒಳದಾರಿಯನ್ನೂ ಹಿಡಿಯದೆ ನೋಡಲು ಸಾಧ್ಯವಿರುವುದು ಹಗುರ ನ್ಯೂಕ್ಲಿಯಸ್‌ಗಳಲ್ಲಿ ಮಾತ್ರ.

ಇಂಗಾಲದವರೆಗೆ ಹೋಗಲು ನೆರವಾದ ಒಂದು ವಿಧಾನ ಮಾಂಟೆ ಕಾರ್ಲೊ. ಮೊದಲು ನ್ಯೂಕ್ಲಿಯಸ್ ಹೀಗಿರಬಹುದು ಎಂಬ ಒರಟು ಚಿತ್ರ ಬರೆಯುತ್ತಾರೆ. ಆಮೇಲೆ ಕಂಪ್ಯೂಟರ್ ಕಣಗಳನ್ನು ಪಗಡೆ ಉರುಳಿಸಿದಂತೆ ಅಲ್ಲಿಂದಿಲ್ಲಿಗೆ ಸರಿಸುತ್ತಾ ಹೋಗುತ್ತದೆ. ಸರಿಸುವ ಗಣಿತ ಎಂಥದ್ದೆಂದರೆ, ಚಿತ್ರದಲ್ಲಿದ್ದ ತಪ್ಪು ಭಾಗಗಳು ಪ್ರತಿ ಹೆಜ್ಜೆಗೂ ಕ್ಷೀಣಿಸಿ ನಿಜವಾದ ಸ್ಥಿತಿ ಉಳಿಯುತ್ತದೆ. ಮಜ್ಜಿಗೆ ಕಡೆದಂತೆ ಅನ್ನಿ. ಈ ಕೆಲಸಕ್ಕಾಗಿ ವಿರಿಂಗಾ ಮತ್ತು ಸ್ಟೀವನ್ ಪೈಪರ್ ಅವರಿಗೆ 2010ರಲ್ಲಿ ಅಮೆರಿಕದ ಬಾನರ್ ಪ್ರಶಸ್ತಿ ಬಂತು; ಪಂಢರಿಪಾಂಡೆ ಅದನ್ನು 1999ರಲ್ಲೇ ಪಡೆದಿದ್ದರು. ಇನ್ನೊಂದು ವಿಧಾನದಲ್ಲಿ ಜಾಗವನ್ನೇ ಗ್ರಾಫ್ ಹಾಳೆಯಂತೆ ಚೌಕಚೌಕ ಮಾಡಿ ಕಣಗಳನ್ನು ಆ ಜಾಲರಿಯ ಗೆಣ್ಣುಗಳಲ್ಲಿ ಕೂರಿಸುತ್ತಾರೆ. ಮೂರನೆಯದರಲ್ಲಿ ಗೊತ್ತಿರುವ ಸರಳ ಆಕಾರಗಳನ್ನು ಕೋಟಿಗಟ್ಟಲೆ ಸೇರಿಸಿ ನ್ಯೂಕ್ಲಿಯಸ್‌ನ ಚಿತ್ರ ಕಟ್ಟುತ್ತಾರೆ.

ಈ ಲೆಕ್ಕಗಳು ‘ಇದೆ’ ಎಂದು ಹೇಳಿದರೆ ಸಾಲದು, ‘ಇಲ್ಲ’ ಎಂದೂ ಸರಿಯಾಗಿ ಹೇಳಬೇಕು. ಐದು ಕಣಗಳಿರುವ ಯಾವ ನ್ಯೂಕ್ಲಿಯಸ್ಸೂ ನಿಸರ್ಗದಲ್ಲಿ ಉಳಿಯುವುದಿಲ್ಲ. ಎಂಟು ಕಣಗಳ ಬೆರಿಲಿಯಂ ಕಣ್ಣು ಮಿಟುಕಿಸುವುದಕ್ಕೂ ಎಷ್ಟೋ ಮೊದಲೇ ಎರಡು ಹೀಲಿಯಂ ಆಗಿ ಒಡೆಯುತ್ತದೆ. ಎಷ್ಟು ಅಂತರದಲ್ಲಿ ಸೋಲುತ್ತದೆ ಗೊತ್ತೇ? ಅದರ ಬಂಧನ ಶಕ್ತಿ 56.50 ಎಂಇವಿ, ಎರಡು ಹೀಲಿಯಂಗಳದ್ದು ಸೇರಿ 56.59. ಕೂದಲೆಳೆಯ ಅಂತರ! ಈ ಬೆರಿಲಿಯಂ ಗಟ್ಟಿಯಾಗಿದ್ದಿದ್ದರೆ ನಕ್ಷತ್ರಗಳು ಉರಿಯುವ ರೀತಿಯೇ ಬೇರೆಯಿರುತ್ತಿತ್ತು.

ಸಂಗನಕಲ್ಲಿನ ವಯಸ್ಸೂ, ಸೂರ್ಯನ ಬೆಳಕೂ

ಇದರಿಂದ ನಮಗೇನು ಎನ್ನುವವರಿಗೆ ಕಾರ್ಬನ್ ಡೇಟಿಂಗ್ ಸಾಕು. ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಗೆ ವಯಸ್ಸು ಕಟ್ಟಿದ್ದು ಕಾರ್ಬನ್-14ರಿಂದ. ಅದರ ಅರ್ಧಾಯುಷ್ಯ ಸುಮಾರು 5,730 ವರ್ಷ. ಹಾಗಾಗಿ ಸಾವಿರಾರು ವರ್ಷ ಹಳೆಯ ಇದ್ದಿಲಿನಲ್ಲೂ ಸ್ವಲ್ಪ ಉಳಿದಿರುತ್ತದೆ. ಸಿದ್ಧಾಂತಿಗಳಿಗೆ ಈ 5,730 ದೊಡ್ಡ ತಲೆನೋವಾಗಿತ್ತು. ಇದೇ ಬಗೆಯ ಕ್ಷಯ ಹೊಂದುವ ಹೀಲಿಯಂ-6ರ ಅರ್ಧಾಯುಷ್ಯ ಒಂದು ಸೆಕೆಂಡೂ ಇಲ್ಲ. ಕಾರ್ಬನ್-14ರ ಕ್ಷಯದಲ್ಲಿ ಬಿಡುಗಡೆಯಾಗುವ ಶಕ್ತಿ ಕಡಿಮೆ ಎನ್ನುವುದು ನಿಜ, ಆದರೆ ಅದೊಂದೇ ಇಷ್ಟು ತಡಕ್ಕೆ ಕಾರಣವಾಗದು. 2011ರಲ್ಲಿ ಪೀಟರ್ ಮಾರಿಸ್, ಜೇಮ್ಸ್ ವೇರಿ ಮತ್ತು ಸಂಗಡಿಗರು ಓಕ್ ರಿಡ್ಜ್‌ನ ‘ಜಾಗ್ವಾರ್’ ಸೂಪರ್ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರು. ಎರಡು ಕಣಗಳ ಬಲ ಮಾತ್ರ ಇಟ್ಟುಕೊಂಡರೆ ಆಯುಷ್ಯ ತೀರಾ ಕಡಿಮೆ ಬರುತ್ತಿತ್ತು. ಮೂರು ಕಣಗಳ ಬಲ ಸೇರಿಸಿದಾಗ ಕ್ಷಯಕ್ಕೆ ಕಾರಣವಾಗುವ ಹಲವು ಪಾಲುಗಳು ಒಂದನ್ನೊಂದು ಹೊಡೆದುಹಾಕಿ ಬಹುತೇಕ ಸೊನ್ನೆಗೆ ಬಂದವು. ಟ್ರಿಟಿಯಂನಲ್ಲಿ ಒಂದು ಎಂಇವಿಗೂ ಕಡಿಮೆ ಇದ್ದ ಕೊರತೆ ತುಂಬಲು ಬಂದ ಬಲವೇ ಇಲ್ಲಿ ಸಾವಿರಾರು ವರ್ಷಗಳ ಆಯುಷ್ಯಕ್ಕೂ ಕಾರಣವಾಗಿತ್ತು.

ಸೂರ್ಯನ ವಿಷಯ ಇನ್ನೂ ಸ್ವಾರಸ್ಯದ್ದು. ಅಲ್ಲಿ ಶಕ್ತಿ ಹುಟ್ಟುವ ಮೊದಲ ಹೆಜ್ಜೆ ಎಂದರೆ ಎರಡು ಪ್ರೋಟಾನ್‌ಗಳು ಸೇರಿ, ಒಂದು ನ್ಯೂಟ್ರಾನ್ ಆಗಿ ಬದಲಾಗಿ ಡ್ಯೂಟೆರಾನ್ ಆಗುವುದು. ಸೂರ್ಯನೊಳಗೂ ಇದು ಎಷ್ಟು ಅಪರೂಪವೆಂದರೆ ಒಂದು ಪ್ರೋಟಾನ್ ಸರಾಸರಿ ಕೋಟ್ಯಂತರ ವರ್ಷ ಕಾಯಬೇಕು. ಈ ವೇಗವನ್ನು ಭೂಮಿಯ ಯಾವ ಪ್ರಯೋಗಾಲಯವೂ ಅಳೆದಿಲ್ಲ. ಸೂರ್ಯನ ಮಾದರಿಗಳಲ್ಲಿ ಬಳಸುವ ಅಂಕಿ ಪೂರ್ತಿ ಸಿದ್ಧಾಂತದ ಲೆಕ್ಕದಿಂದ ಬಂದದ್ದು, ನಾವು ಮೇಲೆ ನೋಡಿದ ಬಲಗಳಿಂದಲೇ. 2014ರಲ್ಲಿ ಇಟಲಿಯ ಪರ್ವತದಡಿಯ ಬೊರೆಕ್ಸಿನೊ ಪ್ರಯೋಗ ಆ ಮೊದಲ ಹೆಜ್ಜೆಯಲ್ಲಿ ಹೊರಬರುವ ನ್ಯೂಟ್ರಿನೊಗಳನ್ನು ನೇರವಾಗಿ ಹಿಡಿಯಿತು. ಎಣಿಕೆ ಮಾದರಿಯ ನಿರೀಕ್ಷೆಗೆ ಹೊಂದುವಂತಿತ್ತು.

ನಮ್ಮ ಮೈಯಲ್ಲಿರುವ ಇಂಗಾಲವೂ ಇದೇ ಲೆಕ್ಕದ ಹಿಡಿತದಲ್ಲಿದೆ. ನಕ್ಷತ್ರಗಳಲ್ಲಿ ಮೂರು ಹೀಲಿಯಂ ಸೇರಿ ಇಂಗಾಲವಾಗಬೇಕಾದರೆ ಇಂಗಾಲಕ್ಕೆ ಒಂದು ವಿಶೇಷ ಶಕ್ತಿಮಟ್ಟ ಇರಲೇಬೇಕು ಎಂದು 1953ರಲ್ಲಿ ಫ್ರೆಡ್ ಹಾಯ್ಲ್ ಹಟ ಹಿಡಿದರು. ಕ್ಯಾಲಿಫೋರ್ನಿಯಾದ ಕಾಲ್‌ಟೆಕ್‌ನಲ್ಲಿ ಹುಡುಕಿದಾಗ ಅದು ಸಿಕ್ಕಿತು, ಸುಮಾರು 7.65 ಎಂಇವಿಯಲ್ಲಿ. ಅದನ್ನು ಕಣಗಳ ಬಲದಿಂದಲೇ ಹೊರಟು ಲೆಕ್ಕದಲ್ಲಿ ತೋರಿಸಲು 2011ರವರೆಗೆ ಕಾಯಬೇಕಾಯಿತು. ಜರ್ಮನಿ ಮತ್ತು ಅಮೆರಿಕದ ತಂಡವೊಂದು ಜಾಲರಿ ವಿಧಾನದಿಂದ ಅದನ್ನು ಮಾಡಿತು.

ಎಲ್ಲ ಬಗೆಹರಿದಿದೆಯೇ? ಇಲ್ಲ. 2023ರಲ್ಲಿ ಜರ್ಮನಿಯ ಮೈನ್ಸ್‌ನ ವಿಜ್ಞಾನಿಗಳು ಹೀಲಿಯಂ ನ್ಯೂಕ್ಲಿಯಸ್‌ಗೆ ಎಲೆಕ್ಟ್ರಾನ್ ಬಡಿದು, ಅದು ತನ್ನ ಮೊದಲ ಮೇಲಿನ ಮಟ್ಟಕ್ಕೆ ಏರುವುದನ್ನು ನಿಖರವಾಗಿ ಅಳೆದರು. ಹೆಸರಾಂತ ಲೆಕ್ಕವೊಂದು ಹೇಳಿದ್ದಕ್ಕೂ ಅಳತೆಗೂ ಸುಮಾರು ಎರಡು ಪಟ್ಟು ವ್ಯತ್ಯಾಸವಿತ್ತು. ಇಂಥ ಸುದ್ದಿ ಮೊಬೈಲಿಗೆ ಬರುವ ಹೊತ್ತಿಗೆ ‘ಭೌತಶಾಸ್ತ್ರ ತಲೆಕೆಳಗು’ ಎಂದಾಗಿಬಿಟ್ಟಿರುತ್ತದೆ. ಅಲ್ಲಿ ಕೇಳಿದ್ದು ಅದಕ್ಕಿಂತ ಚಿಕ್ಕ ಪ್ರಶ್ನೆ: ತಪ್ಪು ಬಲದ ಮಾದರಿಯಲ್ಲಿದೆಯೋ, ಲೆಕ್ಕ ಹಾಕಿದ ವಿಧಾನದಲ್ಲಿದೆಯೋ? ಆ ಮಟ್ಟ ಹೀಲಿಯಂ ಒಡೆಯುವ ಅಂಚಿಗೆ ತೀರಾ ಹತ್ತಿರದಲ್ಲಿರುವುದರಿಂದ ಅದನ್ನು ಲೆಕ್ಕಕ್ಕೆ ತರುವುದೇ ನಾಜೂಕಿನ ಕೆಲಸ. ಮರುವರ್ಷ ಜಾಲರಿ ವಿಧಾನದವರು ತಮ್ಮ ಬಲವನ್ನು ಈ ಅಳತೆಗಾಗಿ ತಿದ್ದದೆಯೇ ಅದಕ್ಕೆ ಹೊಂದುವ ಉತ್ತರ ಪಡೆದರು.